ಎರಡೂ ಮನೆಯಲ್ಲಿಟ್ಟ ದಡಿ

ನಮ್ಮ ಸಂಘದ ಕಳಕೇಶನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಉಳಿದದ್ದೆಲ್ಲ ಆಮೇಲೆ. ಸಿಟ್ಟು ಪೂರಾ ಅವನ ಮೇಲೆಯೇ ಅಂತಲ್ಲ. ಆ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ, ಅದನ್ನು ತಂದಿಟ್ಟು ಕೈ ಝಾಡಿಸಿಕೊಂಡು ಹೋದವರ ಮೇಲೆ, ಏನು ಹೇಳಿದರೂ 'ಆಗ್ಲಿರಿ ಅಕ್ಕಾರ' ಅನ್ನುವ ಅವನ ಆ ತಣ್ಣನೆಯ ದನಿಯ ಮೇಲೆ. ಬೈಯಲು ಬಾಯಿ ತೆರೆದರೆ ಬೈಸಿಕೊಳ್ಳುವವನ ಮುಖ ನೋಡಿ ಬೈಗುಳ ಗಂಟಲಲ್ಲೇ ನಿಲ್ಲುತ್ತದೆ. ಅಂಥ ಮನುಷ್ಯನ ಜೊತೆ ಒಂದೇ ಕೋಣೆಯಲ್ಲಿ ಕೆಲಸ ಮಾಡುವುದು ಸುಲಭವಲ್ಲ.

ನಾನು ವಿಜಯಲಕ್ಷ್ಮಿ. ಗಜೇಂದ್ರಗಡದ ನಮ್ಮ ನೇಕಾರರ ಸಂಘದಲ್ಲಿ ಸೀರೆ ಮಾರಾಟದ ಮೇಜು ನನ್ನದು. ತವರುಮನೆಯವರದು ಅರಿವೆ ಅಂಗಡಿ, ಹಾಗಾಗಿ ಗಿರಾಕಿಯ ಎದುರು ನಿಂತು ಬೆಳೆದ ಬಾಯಿ ಸ್ವಲ್ಪ ಜೋರು. ಕಳಕೇಶ ನೇಕಾರರ ಮನೆಯವನು. ಸಣ್ಣವನಿದ್ದಾಗಿನಿಂದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೊಂಟ ಹೋಯಿತು. ಈಗ ನೆಟ್ಟಗೆ ನಿಂತರೂ ನೆಲದಲ್ಲಿ ಏನೋ ಬಿದ್ದದ್ದನ್ನು ಹುಡುಕುವವನ ಹಾಗೆ ಬಾಗಿರುತ್ತಾನೆ. ಮಗ್ಗ ಬಿಟ್ಟ ಮೇಲೆ ವಿಡಿಯೊ ನೋಡಿ ನೋಡಿ ಕಂಪ್ಯೂಟರ್ ಕಲಿತ. ಹಳೆಯ ಸೀರೆಗಳ ಅಂಚಿನ ದಡಿಯನ್ನೂ ಸೆರಗನ್ನೂ ಪರದೆಯ ಮೇಲೆ ಚೌಕಚೌಕವಾಗಿ ಬಿಡಿಸುವುದು ಅವನಿಗೆ ಕೈಹತ್ತಿತು. ಸಂಘದವರು ಕರೆದು ಕೂರಿಸಿದರು. ಅಲ್ಲಿಂದ ಪ್ರಿಂಟರ್ ಹಾಳೆ ನುಂಗಿದರೂ ಕಳಕೇಶ, ಫ್ಯಾನ್ ತಿರುಗದಿದ್ದರೂ ಕಳಕೇಶ, ಅಧ್ಯಕ್ಷರ ಮೊಮ್ಮಗಳ ಆಟಿಕೆ ಮುರಿದರೂ ಕಳಕೇಶನೇ.

ಆ ಪೆಟ್ಟಿಗೆ ಬಂದದ್ದು ಯಾವುದೋ ಯೋಜನೆಯಲ್ಲಿ. ಅಳವಡಿಸಲು ಬಂದ ಟೈ ಕಟ್ಟಿದ ಹುಡುಗ ಅದನ್ನು ಮೂಲೆಯಲ್ಲಿಟ್ಟು, ಇದರೊಳಗೆ ಎರಡು ಕಂಪ್ಯೂಟರ್ ಇವೆ ಅಂದ. ನಮ್ಮ ಅಧ್ಯಕ್ಷರು ಪ್ರಭುಲಿಂಗಪ್ಪನವರು, ಪೇಟೆಯಲ್ಲಿ ದೊಡ್ಡ ವ್ಯಾಪಾರಸ್ಥರು, ಕೊಟ್ಟದ್ದನ್ನು ತಿರುಗಿಸಿ ನೋಡದೆ ತೆಗೆದುಕೊಳ್ಳುವವರಲ್ಲ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ ಬಂದರು.

"ಎರಡು ಅಂದ್ರಿ. ಪೆಟಿಗಿ ಒಂದ ಐತಲ್ರಿ?"

"ಯಂತ್ರ ಒಂದೇ ಸರ್. ಅದು ಒಳಗೊಳಗೇ ಎರಡು ಕಂಪ್ಯೂಟರ್ ಇದ್ದ ಹಾಗೆ ನಟಿಸುತ್ತದೆ. ವರ್ಚುವಲ್ ಮಷಿನ್ ಅಂತಾರೆ."

"ನಟಸ್ತೈತಂತ," ಅಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನಾಟಕ ಕಂಪನಿ ಬಂತು ನೋಡವಾ ವಿಜಕ್ಕ ನಮ್ಮಲ್ಲಿ."

ಆ ಎರಡರಲ್ಲಿ ಒಂದು ಕಳಕೇಶನ ಮೇಜಿನ ಪರದೆಯಲ್ಲಿ ತೆರೆಯುತ್ತಿತ್ತು, ದಡಿ ಬಿಡಿಸುವುದಕ್ಕೆ. ಇನ್ನೊಂದು ನನ್ನ ಮೇಜಿನಲ್ಲಿ, ಸೀರೆಯ ಫೋಟೊ ಹಾಕಿ ಊರೂರಿಗೆ ಮಾರುವುದಕ್ಕೆ. ಒಂದಕ್ಕೆ ಇನ್ನೊಂದು ಇರುವುದೇ ಗೊತ್ತಿರುವುದಿಲ್ಲ ಅಂತ ಆ ಹುಡುಗ ಹೇಳಿಹೋದ. ನಾವು ಅವಕ್ಕೆ ಆ ಮನೆ, ಈ ಮನೆ ಅಂತ ಹೆಸರಿಟ್ಟುಕೊಂಡೆವು.

ಇನ್ನು ಕಳಕೇಶನ ತಾಯಿ ಶಂಕ್ರವ್ವ. ಇವಳ ವಿಷಯ ಹೇಳದೆ ಅವನದು ಹೇಳಲಿಕ್ಕಾಗದು. ಅವಳ ತವರಿನಿಂದ ಬಂದ, ಅವರ ಮನೆತನದಲ್ಲಿ ಮಾತ್ರ ನೇಯುವ ಒಂದು ದಡಿ ಇತ್ತು. ಅದಕ್ಕೆ ಬಳಗದ ದಡಿ ಅನ್ನುತ್ತಿದ್ದರು. ಬೇರೆಯವರು ಅಂಚಿನ ಎಳೆಗಳನ್ನು ಅಂಕಿಯಲ್ಲಿ ಎಣಿಸಿದರೆ ಈ ಮನೆಯ ಹೆಣ್ಣುಮಕ್ಕಳು ಬಳಗದವರ ಹೆಸರಿನಲ್ಲಿ ಎಣಿಸುತ್ತಾರೆ. ಎತ್ತುವ ಎಳೆ ಎದ್ದವರು, ಬಿಡುವ ಎಳೆ ಕುಂತವರು. 'ಪರಪ್ಪಜ್ಜ ಎದ್ದ, ಮುದುಕವ್ವ ಕುಂತಳು, ಹೊಳಿಯಪ್ಪ ಎದ್ದ, ಅವನ ಹೇಣ್ತಿ ಎದ್ದಳು, ಕೂಸು ಮಲಗಿತು.' ಮಲಗಿದ ಕೂಸು ಅಂದರೆ ದಡಿಯ ಉದ್ದಕ್ಕೂ ಒಮ್ಮೆಯೂ ಮೇಲೆ ಬರದ ಎಳೆ. ಆ ಮನೆಯಲ್ಲಿ ಹಿಂದೆ ಯಾವಾಗಲೋ ಹೆಸರಿಡುವ ಮುಂಚೆಯೇ ಹೋದ ಕೂಸು ಅದು. ಅದನ್ನು ಯಾರೂ ಎತ್ತುವುದಿಲ್ಲ. ಶಂಕ್ರವ್ವ ಎಣಿಸುತ್ತ ಎಣಿಸುತ್ತ ಒಬ್ಬೊಬ್ಬರ ಕತೆಯನ್ನೂ ಸೇರಿಸುವವಳು. ಹೊಳಿಯಪ್ಪ ಏಳುವುದು ತಡ, ಸೋಮಾರಿ. ಮುದುಕವ್ವ ಕುಂತರೆ ಏಳಳು, ಮೊಣಕಾಲು ಬೇನೆ. ಹೀಗೆ ಅವಳ ಲಾಳಿ ಓಡಿದಷ್ಟು ಹೊತ್ತೂ ಸತ್ತವರೆಲ್ಲ ಮಗ್ಗದಲ್ಲಿ ಎದ್ದು ಕೂತು ಮಾಡುತ್ತಿದ್ದರು.

ಈ ದಡಿಗೆ ಒಂದು ಕಟ್ಟಳೆ ಉಂಟು. ಅದು ಎರಡು ಮನೆಯಲ್ಲಿ ಇರಬೇಕು. ಒಂದು ಮನೆಗೆ ಬೆಂಕಿ ಬಿದ್ದರೆ, ಹೊಳೆ ನುಗ್ಗಿದರೆ, ಇನ್ನೊಂದರಲ್ಲಿ ಉಳಿಯಲಿ ಅಂತ. ಶಂಕ್ರವ್ವನ ಬಾಯಲ್ಲೊಂದು ಇತ್ತು. ಇನ್ನೊಂದು ಹೊಳೆಮಣ್ಣೂರಿಗೆ ಕೊಟ್ಟ ಅವಳ ತಂಗಿ ಗುಡ್ಡವ್ವನ ಬಾಯಲ್ಲಿ. ಮಲಪ್ರಭೆ ಆ ವರ್ಷ ಊರೊಳಗೇ ಬಂತಲ್ಲ, ಗುಡ್ಡವ್ವನ ಮನೆ ಕುಸಿಯಿತು. ತಗಡಿನ ಶೆಡ್ಡಿನಲ್ಲಿ ಇದ್ದವಳು ಮುಂದಿನ ಬೇಸಿಗೆಯನ್ನು ಕಾಣಲಿಲ್ಲ. ಮಣ್ಣು ಮಾಡಿ ಬಂದ ದಿನ ಶಂಕ್ರವ್ವ ತಂಗಿಗಾಗಿ ಅತ್ತಳು, ಅತ್ತು ಮುಗಿಸಿ, "ಇನ್ನ ಒಂದ ಮನಿ ಉಳೀತು," ಅಂದಳು.

ಆ ಒಂದು ಮನೆಯೂ ಸೋರತೊಡಗಿದ್ದು ಯಾರಿಗೂ ಬೇಗ ತಿಳಿಯಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು, ನಮ್ಮ ಮನೆಯಲ್ಲೂ ಮರೆತು ಹಾಕುತ್ತೇವೆ. ಸೊಸೆ ನೀಲಾ ದಡಿ ಕಲಿಯಲು ಪಕ್ಕದಲ್ಲಿ ಕೂತಾಗ, ಅತ್ತೆ ಒಂದು ದಿನ ಹೇಳಿದ್ದಕ್ಕೂ ಇನ್ನೊಂದು ದಿನ ಹೇಳಿದ್ದಕ್ಕೂ ಹೊಂದುತ್ತಿರಲಿಲ್ಲ. ಗಂಡಸರು ಸೀರೆಯ ಮೈ ನೇಯುವವರು, ದಡಿಯ ಲೆಕ್ಕ ಹೆಣ್ಣುಮಕ್ಕಳದು, ಹಾಗಾಗಿ ಕಳಕೇಶನಿಗೂ ಅದು ಅಲ್ಲಿಷ್ಟು ಇಲ್ಲಿಷ್ಟು ಅಷ್ಟೇ. ಒಂದು ಮಧ್ಯಾಹ್ನ ಶಂಕ್ರವ್ವ ಲಾಳಿಯನ್ನು ಕೈಯಲ್ಲೇ ಹಿಡಿದು ಸುಮ್ಮನೆ ಕೂತಿದ್ದಳು. "ಹೊಳಿಯಪ್ಪ ಎದ್ದ ಮ್ಯಾಲ ಯಾರೋ?" ಅಂತ ಮಗನನ್ನು ಕೇಳಿದಳು. ಗದಗಿನ ದವಾಖಾನೆಯಲ್ಲಿ ಎಲ್ಲ ನೋಡಿದರು. ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಗಟ್ಟಿ ಜೀವ, ಆದರೆ ಮರೆವು ಇನ್ನು ಹೆಚ್ಚುತ್ತಲೇ ಹೋಗುತ್ತದೆ ಅಂದರು.

ಆಗ ಕಳಕೇಶನಿಗೆ ಹೊಳೆದದ್ದು ಆ ಪೆಟ್ಟಿಗೆ. ಅವ್ವ ಇನ್ನೂ ನೆನಪಿದ್ದಷ್ಟನ್ನು ಹೇಳಲಿ, ನಾನು ಹಿಡಿದಿಡುತ್ತೇನೆ ಅಂತ ದಿನಾ ಬೆಳಿಗ್ಗೆ ಅವಳನ್ನು ಸಂಘಕ್ಕೆ ಕರೆದುಕೊಂಡು ಬರತೊಡಗಿದ. ಬೆಳಗಿನ ಹೊತ್ತು ಅವಳ ತಲೆ ತಿಳಿಯಾಗಿರುತ್ತಿತ್ತು. ಅವನ ಮೇಜಿನ ಮೈಕಿನ ಮುಂದೆ ಕೂತು ಅವಳು ಬಳಗವನ್ನು ಎಬ್ಬಿಸುವುದು, ಕೂರಿಸುವುದು ಮಾಡುತ್ತಿದ್ದಳು. ತಾನು ಹೇಳಿದ್ದನ್ನು ಕೇಳಬೇಕೆಂದರೆ ನನ್ನ ಮೇಜಿಗೆ ಬರಬೇಕು, ಸ್ಪೀಕರ್ ಇದ್ದದ್ದು ನನ್ನಲ್ಲಿ. ಆ ಮನೆಯಲ್ಲಿ ಹೇಳಿದ್ದು ಈ ಮನೆಯಲ್ಲಿ ಕೇಳಬೇಕಲ್ಲ, ಅದಕ್ಕೇ ಈ ಹಂಚಿಕೆಯ ಕೆಲಸ ಶುರುವಾಯಿತು.

ಶಂಕ್ರವ್ವ ಅದಕ್ಕೆ ತನ್ನ ಕಟ್ಟಳೆಯನ್ನೂ ಸೇರಿಸಿದಳು. "ಒಂದ ಮನಿಯಾಗ ಇಟ್ಟರ ನಾ ಹೇಳಾಂಗಿಲ್ಲ ನೋಡ," ಅಂದಳು.

ಕಳಕೇಶ ಒಂದು ವಿಡಿಯೊ ನೋಡಿದ. ಸಂಘದ ಹೊಸ ಡಿಸ್ಕೊಂದನ್ನು ಪೆಟ್ಟಿಗೆಯೊಳಗೆ ಹಾಕಿ, ಅದೇ ಡಿಸ್ಕನ್ನು ಎರಡೂ ಕಂಪ್ಯೂಟರಿಗೆ ನೇರ ಜೋಡಿಸಿಬಿಟ್ಟ. ಜೋಡಿಸುವಾಗ ಪರದೆಯ ಮೇಲೆ ಹಳದಿ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಅವನು ಅದನ್ನು ತುಟಿಯಲ್ಲೇ ಓದಿಕೊಂಡ.

"ಏನಂತೋ ಅದು?" ಅಂದೆ.

"ಇಬ್ಬರೂ ಕೂಡೇ ಬರದ್ರ ತ್ರಾಸ ಆಗಬಹುದಂತ್ರಿ ಅಕ್ಕಾರ. ನಾವೇನ ಜಗಳಾಡೂ ಮಂದಿ ಅಲ್ಲ ಬಿಡ್ರಿ," ಅಂದು ಮುಂದಕ್ಕೆ ಒತ್ತಿದ.

ಒತ್ತಿದ ಮೇಲೆ ಒಂದೇ ಹೆಸರಿನ ಕಡತ ಅವನ ಪರದೆಯಲ್ಲೂ ಕಂಡಿತು, ನನ್ನ ಪರದೆಯಲ್ಲೂ ಕಂಡಿತು. ತಾಯಿಯ ಕೈ ಹಿಡಿದು ಆ ಮೇಜಿಗೂ ಈ ಮೇಜಿಗೂ ನಡೆಸಿ ತೋರಿಸಿದ. ಶಂಕ್ರವ್ವ ಎರಡೂ ಪರದೆಯನ್ನು ಅಂಗೈಯಿಂದ ಮುಟ್ಟಿ ನೋಡಿದಳು. ಡಿಸ್ಕು ಒಂದೇ ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಎರಡು ಕಡೆ ಕಣ್ಣಿಗೆ ಕಾಣುವುದನ್ನು ಒಂದೇ ಅಂತ ನಂಬಲು ಅವನ ಮನಸ್ಸು ಒಪ್ಪಿರಲಿಕ್ಕಿಲ್ಲ. ಈಗ ಎಲ್ಲರೂ ಹೇಳುತ್ತಾರೆ, ಒಂದು ಪೆನ್ ಡ್ರೈವಿಗಾದರೂ ಹಾಕಿಡಬಾರದಿತ್ತೇ, ಮೊಬೈಲಿನಲ್ಲಿ ಇಡಬಾರದಿತ್ತೇ ಅಂತ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರಿಗೆ ನಮ್ಮಲ್ಲೇನೂ ಬರವಿಲ್ಲ. ಅವನ ಮೊಬೈಲು ಅಣ್ಣನಿಂದ ಬಂದ ಹಳೆಯದು, ಒಂದು ಫೋಟೊ ತೆಗೆಯಬೇಕೆಂದರೆ ಇನ್ನೊಂದು ಅಳಿಸು ಅನ್ನುತ್ತಿತ್ತು.

ಕೆಲವು ತಿಂಗಳು ಎಲ್ಲ ಚಲೋ ನಡೆಯಿತು. ಚಲೋ ಅಂದರೆ ನಿಜವಾಗಿ ಚಲೋ. ಶಂಕ್ರವ್ವನ ಮರೆವು ಹೆಚ್ಚುತ್ತಿತ್ತು, ಮೈಕಿನ ಮುಂದೆ ಹೇಳುವುದು ಕಡಿಮೆಯಾಗುತ್ತಿತ್ತು. ಆದರೆ ಹಿಂದೆ ಹೇಳಿದ್ದನ್ನು ನನ್ನ ಸ್ಪೀಕರಿನಲ್ಲಿ ಹಚ್ಚಿದರೆ ಅವಳ ಬೆರಳು ತಾವಾಗಿಯೇ ಆಡತೊಡಗುತ್ತಿದ್ದವು. ಎದ್ದು ಹಿಂದಿನ ಕೋಣೆಯಲ್ಲಿದ್ದ ಸಂಘದ ಕುಣಿಮಗ್ಗಕ್ಕೆ ತಾನೇ ಹೋಗಿ ಕೂರುವಳು. ಧ್ವನಿ ಎಬ್ಬಿಸಿದವರನ್ನು ಎಬ್ಬಿಸಿ, ಕೂರಿಸಿದವರನ್ನು ಕೂರಿಸಿ ಒಂದು ಗೇಣು ದಡಿ ನೇಯ್ದು ಏಳುವಳು. ಆ ಒಂದು ಗೇಣು ನೇಯುವಷ್ಟು ಹೊತ್ತು ಅವಳಿಗೆ ಮಗ ಯಾರು, ಸೊಸೆ ಯಾರು, ತಾನು ಯಾರು ಎಲ್ಲ ಗೊತ್ತಿರುತ್ತಿತ್ತು. "ಕಳಕೇಶಾ, ಉಂಡಿಯೇನೋ?" ಅಂತ ಮಗ್ಗದಿಂದಲೇ ಕೂಗುವಳು. ಅವನು ದಿನವಿಡೀ ಬದುಕುತ್ತಿದ್ದದ್ದು ಆ ಒಂದು ಕೂಗಿಗೆ. ಕೇಳಿಸುತ್ತಿರುವುದು ತನ್ನ ದನಿ ಅನ್ನುವುದು ಮಾತ್ರ ಅವಳಿಗೆ ಮರೆತುಹೋಗಿತ್ತು. ಗುಡ್ಡವ್ವ ಹೊಳೆಮಣ್ಣೂರಿನಿಂದ ಬಂದು ಹೇಳಿಕೊಡುತ್ತಿದ್ದಾಳೆ ಅಂದುಕೊಂಡಿದ್ದಳು. ಯಾರೂ ಅದನ್ನು ತಿದ್ದಲಿಲ್ಲ.

ತೊಂದರೆ ಸಣ್ಣದಾಗಿಯೇ ಶುರುವಾಯಿತು. ಅವನ ಮೇಜಿನಲ್ಲಿ ಬೆಳಿಗ್ಗೆ ಹಿಡಿದದ್ದು ನನ್ನ ಮೇಜಿನಲ್ಲಿ ಕಾಣುತ್ತಿರಲಿಲ್ಲ. ನಾನು ಹಾಕಿದ ಸೀರೆಯ ಫೋಟೊ ಅವನಲ್ಲಿ ಕಾಣುತ್ತಿರಲಿಲ್ಲ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಕಾಣುತ್ತಿತ್ತು. "ಎಂಥಾ ಗುಡಸಲಾ ಕಟ್ಟೀಯೋ ಮಾರಾಯಾ, ದಿನಾ ಬಾಗಲಾ ತಗದು ಹಾಕೂದ ಆತು," ಅಂತ ನಾನು ಬೈದೆ. "ನೋಡ್ತೀನ್ರಿ ಅಕ್ಕಾರ," ಅಂದ. ನೋಡಿದ. ತಂತಿ ಬದಲಿಸಿದ, ಪೆಟ್ಟಿಗೆಯ ಧೂಳು ಊದಿದ, ಜಾಗ ಸಾಲದೇನೋ ಅಂತ ಹಳೆಯ ಬೇಡದ್ದನ್ನೆಲ್ಲ ಅಳಿಸಿದ. ಡಿಸ್ಕನ್ನು ಪರೀಕ್ಷೆ ಮಾಡಿದರೆ ಆರೋಗ್ಯ ಉತ್ತಮ ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು. ಆ ಹಸಿರು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಆಮೇಲೆ ನನ್ನ ಒಂದು ಸೀರೆಯ ಫೋಟೊ ಅರ್ಧದಿಂದ ಕೆಳಗೆ ಬೂದು ಪಟ್ಟಿ ಪಟ್ಟಿಯಾಗಿ ತೆರೆಯಿತು. ಒಂದು ಬೆಳಿಗ್ಗೆ ಸ್ಪೀಕರಿನಲ್ಲಿ 'ಹೊಳಿಯಪ್ಪ ಎದ್ದ' ಅನ್ನುವವರೆಗೆ ಬಂದ ದನಿ ಕರಕರ ಅಂತ ಕೊರೆಯತೊಡಗಿತು. ಮಗ್ಗದಲ್ಲಿದ್ದ ಶಂಕ್ರವ್ವನ ಕೈ ನಿಂತಿತು. "ಗುಡ್ಡವ್ವಗ ಕೆಮ್ಮಾಗೇತಿ," ಅಂದಳು. "ಬಿಸಿನೀರ ಕೊಡ್ರಿ ಅಕೀಗೆ."

ಮರುದಿನ ನನ್ನ ಕಂಪ್ಯೂಟರ್ ಚಾಲೂ ಆಗುವಾಗಲೇ ಕಪ್ಪು ಪರದೆ ಬಂತು. ಡಿಸ್ಕಿನಲ್ಲಿ ದೋಷಗಳಿವೆ, ಸರಿಪಡಿಸಬೇಕೇ ಅಂತ ಕೇಳುತ್ತಿತ್ತು. ಕಳಕೇಶ ನನ್ನ ಕುರ್ಚಿಯಲ್ಲಿ ಬಾಗಿ ಕೂತು ಓದಿದ. ಸರಿಪಡಿಸಬೇಕೇ ಅಂತ ಕೇಳಿದರೆ ಯಾರು ಬೇಡ ಅನ್ನುತ್ತಾರೆ? ಹೌದು ಅಂತ ಒತ್ತಿದ. ಅವನ ಮೇಜಿನ ಕಂಪ್ಯೂಟರು ಆಗಲೂ ಅದೇ ಡಿಸ್ಕನ್ನು ತೆರೆದುಕೊಂಡು ಕೂತಿತ್ತು. ಪರದೆಯ ಮೇಲೆ ಸಾಲುಗಳು ಮಳೆಹನಿಯ ಹಾಗೆ ಓಡಿದವು. ಮುಗಿದ ಮೇಲೆ ತೆರೆದು ನೋಡಿದರೆ ಅವ್ವನ ಕಡತದ ಜಾಗದಲ್ಲಿ ಏನೂ ಇರಲಿಲ್ಲ. ಓಡಿ ತನ್ನ ಮೇಜಿಗೆ ಹೋದ. ಅಲ್ಲಿ ಹೆಸರುಗಳು ಇನ್ನೂ ಕಾಣುತ್ತಿದ್ದವು. "ಈ ಮನಿಯಾಗ ಅದಾವ್ರಿ ಅಕ್ಕಾರ," ಅಂದ. ಒತ್ತಿದರೆ ಒಂದೂ ತೆರೆಯಲಿಲ್ಲ. ಅಲ್ಲಿಯೂ ಸರಿಪಡಿಸು ಅಂತ ಒತ್ತಿದ. ಹೆಸರುಗಳೂ ಹೋದವು.

ನಾನು ಬಾಯಿಗೆ ಬಂದದ್ದು ಬೈಯಬೇಕೆಂದಿದ್ದೆ. ಅವನು ಎರಡೂ ಮೇಜಿನ ನಡುವೆ ನಿಂತು ಆ ಪರದೆಯನ್ನೊಮ್ಮೆ ಈ ಪರದೆಯನ್ನೊಮ್ಮೆ ನೋಡುತ್ತಿದ್ದ. ಹೊರಗಿನ ಕಟ್ಟೆಯ ಮೇಲೆ ಶಂಕ್ರವ್ವ ಕೂತಿದ್ದಳು, ಗುಡ್ಡವ್ವ ಇನ್ನೂ ಬರಲಿಲ್ಲವೇ ಅಂತ ಕೇಳುತ್ತ.

ಪೆಟ್ಟಿಗೆ ಕೊಟ್ಟ ಕಂಪನಿಗೆ ಫೋನು ಮಾಡಿದೆವು. ವಾರಂಟಿ ಮುಗಿದಿದೆ ಅಂದರು. ಪ್ರಭುಲಿಂಗಪ್ಪನವರು ಬಂದು ವಿಷಯ ಕೇಳಿದರು. ಕೆಟ್ಟವರಲ್ಲ ಅವರು, ವ್ಯಾಪಾರಸ್ಥರು ಅಷ್ಟೇ.

"ಸೀರಿ ಫೋಟೋ ವಿಜಕ್ಕನ ಮೊಬೈಲದಾಗ ಅದಾವು. ದಡಿ ಡಿಸೈನ ಎಲ್ಲಾ ಮೇಲ್ ಮಾಡೀದಿ, ಅವೂ ಅದಾವು. ಮತ್ತ ಹೋಗಿದ್ದೇನೋ?"

"ನಮ್ಮವ್ವರಿ," ಅಂದ ಕಳಕೇಶ.

ಅಧ್ಯಕ್ಷರು ಹುಬ್ಬಳ್ಳಿಯಲ್ಲಿ ಇಂಥ ಕೆಲಸ ಮಾಡುವ ನವಾಜ ಅನ್ನುವವನ ವಿಳಾಸ ಹುಡುಕಿ ಕೊಟ್ಟರು. ಕಳಕೇಶ ಡಿಸ್ಕನ್ನು ಬಿಚ್ಚಿ ಅವ್ವನ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ. ಅವನೊಬ್ಬನೇ ಹೋದರೆ ಹೌದ್ರಿ ಹೌದ್ರಿ ಅಂದು ಬಂದುಬಿಡುತ್ತಾನೆ ಅಂತ ನಾನೂ ಹೊರಟೆ. ರೋಣ ದಾಟಿ ನರಗುಂದ ಬರುವವರೆಗೂ ಅವನು ಡಿಸ್ಕನ್ನು, ಬಾಣಂತಿ ಕೂಸನ್ನು ಇಟ್ಟುಕೊಂಡ ಹಾಗೆ, ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನರಗುಂದದ ಸ್ಟ್ಯಾಂಡಿನಲ್ಲಿ ಗಿರಮಿಟ್ಟು ಕೊಡಿಸಿದರೆ ಕೈಯಲ್ಲಿ ಹಿಡಿದು ಕೂತ, ತಿನ್ನಲಿಲ್ಲ.

ನವಾಜನ ಅಂಗಡಿ ಒಂದು ಗಲ್ಲಿಯ ಮಾಳಿಗೆಯ ಮೇಲಿತ್ತು. ಮೆತ್ತಗಿನ ಮನುಷ್ಯ, ಗಡ್ಡ ಅರ್ಧ ನರೆತಿತ್ತು. ಡಿಸ್ಕು ಜೋಡಿಸಿ ಬಹಳ ಹೊತ್ತು ನೋಡಿದ.

"ಡಿಸ್ಕ ಗಟ್ಟಿ ಐತ್ರಿ," ಅಂದ. "ಒಂದು ಕಲೆ ಇಲ್ಲ."

ಕಳಕೇಶನ ಮುಖ ಅರಳಿತು. ನನಗೆ ಗದಗಿನ ಡಾಕ್ಟರು ನೆನಪಾದರು, ಅವರೂ ಮೊದಲು ಹೇಳಿದ್ದು ಇದನ್ನೇ.

"ತಪ್ಪಿದ್ದು ಡಿಸ್ಕಿಂದಲ್ರಿ," ನವಾಜ ಮುಂದುವರಿಸಿದ. "ನೀವು ಒಂದ ಡಿಸ್ಕ ಎರಡ ಮಷಿನ್ನಿಗೆ ಕೊಟ್ರಿ. ಅವಕ್ಕ ಒಂದಕ್ಕೊಂದು ಗೊತ್ತ ಇಲ್ಲ. ಎರಡೂ, ಇದು ನಂದೊಂದ ಅಂತ ತಿಳಕೊಂಡಾವು. ಎಲ್ಲಿ ಖಾಲಿ ಐತಿ ಅನ್ನೂದನ್ನ ಚಾಲೂ ಆಗೂವಾಗ ಒಮ್ಮೆ ನೋಡಿ ತಲಿಯಾಗ ಇಟ್ಟಗೊಂಡು, ಹಂಗ ಬರಕೋತ ಹ್ವಾದವು. ಈಕಿ ಖಾಲಿ ಅಂದಕೊಂಡಲ್ಲೇ ಆಕಿ ಆಗಲೇ ಬರದಿದ್ಲು. ಒಂದರ ಮ್ಯಾಲೊಂದು."

"ಅದಕ್ಕ ಬಂದ್ ಮಾಡಿ ಚಾಲೂ ಮಾಡಿದ್ರ ಕಾಣ್ತಿತ್ತೇನ್ರಿ?" ಅಂದ ಕಳಕೇಶ.

"ಹೌದ್ರಿ. ಆವಾಗ ಹೊಸದಾಗಿ ನೋಡ್ತಿತ್ತು. ಹಂಚಿಗೊಳ್ಳೂದು ತಪ್ಪಲ್ರಿ. ನಡುವ ಒಬ್ಬ ಪಂಚ ಬೇಕಿತ್ತು. ಈಗ ನೀ ಬರಿ, ಈಗ ನೀ ತಡಿ ಅನ್ನಾಂವ. ಅದಕ್ಕ ಬ್ಯಾರೆ ಪದ್ಧತಿನ ಐತಿ. ಸಾದಾ ಡಿಸ್ಕಿನ್ಯಾಗ ಆ ಪಂಚ ಇರಾಂಗಿಲ್ಲ."

"ಆದ್ರ ಎರಡೂ ಕಡೆ ಇತ್ತಲ್ರಿ," ಅಂದ ಕಳಕೇಶ. "ನಾ ಕಣ್ಣಾರೆ ನೋಡೀನಿ. ನಮ್ಮವ್ವಗೂ ತೋರಿಸೀನಿ."

"ಒಂದ ಬಾವಿಗೆ ಎರಡ ಕಡೆ ಗಡಗಡಿ ಹಾಕಿದ್ರ ಬಾವಿ ಎರಡ ಆಗೂದಿಲ್ರಿ ಅಣ್ಣಾ," ಅಂದ ನವಾಜ. ಹೇಳಿದ ಮೇಲೆ ಅವನಿಗೇ ಕೆಟ್ಟದೆನಿಸಿರಬೇಕು, ಚಹಾ ತರಿಸಿದ. ಸರಿಪಡಿಸು ಅಂತ ಎರಡೂ ಕಡೆ ಒತ್ತಿದಾಗ ಉಳಿದದ್ದೂ ಚೂರಾಗಿದೆ, ಹೆಸರಿಲ್ಲದ ತುಣುಕುಗಳು ಬಿದ್ದಿವೆ, ಒಂದೊಂದನ್ನೂ ತೆರೆದು ನೋಡುತ್ತೇನೆ, ಆಸೆ ಇಟ್ಟುಕೊಳ್ಳಬೇಡಿ ಅಂದ. ಆಸೆ ಇಟ್ಟುಕೊಳ್ಳಬೇಡಿ ಅಂದರೆ ಇಟ್ಟುಕೊಳ್ಳದೆ ಇರಲಾಗುತ್ತದೆಯೇ?

ಡಿಸ್ಕು ಅಲ್ಲಿ ಬಿಟ್ಟು ಬಂದೆವು. ಆ ದಿನಗಳನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅವನು ದಿನಾ ಬೆಳಿಗ್ಗೆ ತಾಯಿಯನ್ನು ಕರೆತರುವುದನ್ನು ಬಿಡಲಿಲ್ಲ. ಅವಳು ನನ್ನ ಮೇಜಿನ ಮುಂದೆ ಬಂದು ಸ್ಪೀಕರಿನ ಎದುರು ಕೂರುವಳು. ಹಚ್ಚಲು ಏನೂ ಇರಲಿಲ್ಲ. ಹೊಸದಾಗಿ ಹೇಳಿಸೋಣ ಅಂತ ಕಳಕೇಶ ಮೈಕನ್ನು ಅವಳ ಮುಂದಿಟ್ಟ.

"ಯವ್ವಾ, ಪರಪ್ಪಜ್ಜ ಎದ್ದ. ಮುಂದ ಹೇಳ ಬೇ."

"ಎದ್ದು ಎಲ್ಲಿಗಿ ಹ್ವಾದ?" ಅಂದಳು ಶಂಕ್ರವ್ವ.

"ಎಲ್ಲಿಗೂ ಹೋಗಿಲ್ಲ ಬೇ. ಎದ್ದ. ಮುದುಕವ್ವ ಕುಂತಳು. ಆಮ್ಯಾಲ?"

"ಇಷ್ಟ ಹೊತ್ತನ್ಯಾಗ ಎದ್ದು ಹೋಗಬಾರದು ಅಜ್ಜ. ಬಿಸಲ ಭಾಳ ಐತಿ. ಯಾರರ ನೋಡ್ರಿ." ಅವಳಿಗೆ ನಿಜವಾಗಿಯೂ ಗಾಬರಿಯಾಗಿತ್ತು. ಬಾಗಿಲ ಕಡೆ ನೋಡುತ್ತಿದ್ದಳು. ಕಳಕೇಶ ಮೈಕನ್ನು ತೆಗೆದಿಟ್ಟ.

ದಡಿಯ ರೂಪವೇನೋ ಹೋಗಿರಲಿಲ್ಲ. ಅರ್ಧ ನೇಯ್ದ ಸೀರೆ ಮಗ್ಗದಲ್ಲೇ ಇತ್ತು. ನೋಡಿಕೊಂಡು ಎಳೆ ಎಣಿಸಿ ನೀಲಾ ಹಾಗೆಯೇ ನೇಯಬಲ್ಲಳು, ನೇಯ್ದಳು ಕೂಡ. ಆದರೆ ಯಾವ ಎಳೆ ಯಾರು ಅಂತ ಹೇಳುವವರು ಇರಲಿಲ್ಲ. ಕಳಕೇಶ ತನಗೆ ನೆನಪಿದ್ದ ನಾಲ್ಕು ಹೆಸರನ್ನು ಮಗ್ಗದ ಪಕ್ಕ ನಿಂತು ತಾನೇ ಹೇಳಿ ನೋಡಿದ, ಅವ್ವನ ಬೆರಳು ಆಡಬಹುದೇನೋ ಅಂತ. "ನೀ ಯಾಕ ಹೇಳ್ತೀ, ಗುಡ್ಡವ್ವ ಬಂದು ಹೇಳ್ಲಿ," ಅಂದಳು. ಒಂದು ದಿನ ನೀಲಾ ಎದ್ದು ಹೋದಾಗ ಶಂಕ್ರವ್ವ ತಾನೇ ಹೋಗಿ ಮಗ್ಗದಲ್ಲಿ ಕೂತಳು. ಕಳಕೇಶ ಆಸೆಯಿಂದ ಓಡಿ ಹೋದ, ಹಿಂದೆಯೇ ನಾನೂ. ಅವಳು ಒಂದೇ ಒಂದು ಎಳೆಯನ್ನು ಬೆರಳಿಂದ ಮೇಲೆತ್ತಿ ಹಿಡಿದುಕೊಂಡಿದ್ದಳು. ಅದು ಮಲಗಿದ ಕೂಸಿನ ಎಳೆ.

"ಕೂಸ ಎದ್ದೈತಿ ನೋಡ್ರಿ," ಅಂದಳು. ಅಷ್ಟು ಸಂತೋಷದ ಮುಖವನ್ನು ನಾನು ಆ ತಿಂಗಳಲ್ಲಿ ಕಂಡಿರಲಿಲ್ಲ. ದಡಿ ಕೆಡುತ್ತದೆ ಅಂತ ಹೇಳಲು ನಮಗೆ ಬಾಯಿ ಬರಲಿಲ್ಲ. ಅವಳ ಕೈ ಸೋಲುವವರೆಗೆ ಕಳಕೇಶ ಪಕ್ಕದಲ್ಲೇ ಕೂತಿದ್ದ.

ಕೊನೆಗೊಂದು ದಿನ ನವಾಜನ ಫೋನು ಬಂತು. ತುಣುಕುಗಳನ್ನೆಲ್ಲ ತೆರೆದು ನೋಡಿದ್ದ. ಬರೀ ಕರಕರ. ಒಂದು ಮಾತ್ರ ಮಾತಾಡುತ್ತದೆ, ಬಹಳ ಸಣ್ಣದು, ಮೊಬೈಲಿಗೆ ಕಳಿಸಿದ್ದೇನೆ ಅಂದ. ಹಣದ ಮಾತೆತ್ತಿದರೆ, ಕೆಲಸ ಆಗಿಲ್ಲವಲ್ಲ ಅಂದು ಇಟ್ಟುಬಿಟ್ಟ. ಕಳುಹಿಸಿದ್ದು ನನ್ನ ಮೊಬೈಲಿಗೆ. ಕಳಕೇಶನದರಲ್ಲಿ ಅದಕ್ಕೂ ಜಾಗವಿರಲಿಲ್ಲ.

ಮೊದಲು ತಾನೊಬ್ಬನೇ ಕೇಳುತ್ತೇನೆ ಅನ್ನಲಿಲ್ಲ ಅವನು. ಬೆಳಿಗ್ಗೆ ಆಗಿತ್ತು, ತಾಯಿ ಸ್ಪೀಕರಿನ ಮುಂದೆ ಕೂತಿದ್ದಳು, ನೀಲಾ ಮಗ್ಗದಲ್ಲಿ ಕಾಯುತ್ತಿದ್ದಳು. ಯಾವ ತುಣುಕಾದರೂ ಆಗಲಿ, ಎರಡು ಹೆಸರಾದರೂ ಇದ್ದರೆ ಸಾಕು, ಅವ್ವ ಏಳುತ್ತಾಳೆ ಅಂದ. ನಾನು ಮೊಬೈಲನ್ನು ಸ್ಪೀಕರಿಗೆ ಜೋಡಿಸಿ ಹಚ್ಚಿದೆ. ಮೊದಲು ಕುರ್ಚಿ ಸರಿದ ಸದ್ದು. ಆಮೇಲೆ ಶಂಕ್ರವ್ವನ ದನಿ, ಗಟ್ಟಿಯಾಗಿ, ಆಗಿನ ಅವಳ ಗತ್ತಿನಲ್ಲಿ.

"ಎರಡೂ ಮನಿಯಾಗ ಇಟ್ಟೀ ಹೌದಲ್ಲೋ?"

ಹಿಂದೆಯೇ ಕಳಕೇಶನ ದನಿ. "ಇಟ್ಟೀನಿ ಬೇ. ಆ ಮನಿಯಾಗೂ ಐತಿ, ಈ ಮನಿಯಾಗೂ ಐತಿ. ನೀ ಚಿಂತಿ ಬಿಡ."

ಅಷ್ಟೇ ಇತ್ತು. ಅಲ್ಲಿಗೆ ನಿಂತಿತು.

ಕಳಕೇಶ ಮೇಜಿನ ಅಂಚು ಹಿಡಿದು ನಿಂತಿದ್ದ. ನಾನು ಅವನ ಕಡೆ ನೋಡಲಿಲ್ಲ, ನೋಡಲಾಗಲಿಲ್ಲ. ಶಂಕ್ರವ್ವ ಮಾತ್ರ ತಲೆಯಾಡಿಸುತ್ತಿದ್ದಳು.

"ಯಾರ ಮಗ ಅಂವಾ?" ಅಂತ ಕೇಳಿದಳು.

"ಚಲೋ ಹುಡುಗ ಕಾಣ್ತಾನ. ಅವರವ್ವ ಪುಣ್ಯಾ ಮಾಡ್ಯಾಳ," ಅಂದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಮಗನ ಅಂಗಿಯ ತುದಿಯನ್ನು ಹಿಡಿದು ಜಗ್ಗಿ, ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು. "ತಮ್ಮಾ, ನಂದೂ ಒಂದು ದಡಿ ಐತಿ. ನೆನಪ ಹಾರಾಕತ್ತೈತಿ. ಅದನ್ನೂ ಅವನ ಕಡೇನ ಇಡು ಅಂತ ಹೇಳ್ತೀಯೇನು?"

"ಹೇಳ್ತೀನಿ ಬೇ," ಅಂದ ಕಳಕೇಶ.